ಏಳು ಮನೆಯ ಊಟ

“ಮೂವತ್ತೊಂದ ಗೋಲ ಅಂತೀರಿ, ಖರೆ. ಯಾರ ಮ್ಯಾಲ ಹೊಡದಾನ ಅದನ್ನ ಹೇಳ್ರಿ ಮದಲ,” ಎಂದು ಕಾಶಿನಾಥ ಮಾಸ್ತರರು ಬಸಿಯಲ್ಲಿನ ಚಹಾ ಗುಟುಕರಿಸಿ ಕೆಳಗಿಟ್ಟರು. “ಅದ್ರಾಗ ಹದಿನೆಂಟ ಬರೇ ಸಣ್ಣ ಸಣ್ಣ ಹಳ್ಳಿ ಟೀಮಿನ ಮ್ಯಾಲ. ಅವರಿಗೆ ಕಾಲಾಗ ಬೂಟ ಸುದ್ದಾ ಇರಲಿಲ್ಲ. ಅಂಥಲ್ಲಿ ನನ್ನ ಬಿಟ್ರೂ ನಾಕ ಗೋಲ ಹೊಡೀತಿದ್ನಿ.”

“ನೀವು ಓಡಿ ಗೋಲ ಮುಟ್ಟೂದ್ರಾಗ ಮ್ಯಾಚ ಮುಗದ ಮಂದಿ ಮನಿಗಿ ಹೋಗಿರತಿದ್ರ ಬಿಡ್ರಿ ಸರ್,” ಎಂದ ಚಹಾದಂಗಡಿಯ ಸೋಮಪ್ಪ, ಒಲೆಯ ಮೇಲಿನ ಕಣ್ಣು ತೆಗೆಯದೆ. ಬೆಂಚಿನ ಮೇಲಿದ್ದ ಹತ್ತು ಹನ್ನೆರಡು ಮಂದಿ ನಕ್ಕರು. ಮಾಸ್ತರರು ಹೊಟ್ಟೆ ಸವರಿಕೊಂಡು ತಾವೂ ನಕ್ಕರು.

ಮೂಡಲಗಿಯ ನವತರುಣ ಫುಟ್ಬಾಲ್ ಸಂಘ ಹಿಂದಿನ ದಿನ ಗೋಕಾಕದಲ್ಲಿ ಎರಡು ಗೋಲಿನಿಂದ ಸೋತು ಬಂದಿತ್ತು. ಸೋತ ಮರುದಿನ ಸೋಮಪ್ಪನ ಅಂಗಡಿಯಲ್ಲಿ ಹಾಲು ಎರಡು ಲೀಟರು ಜಾಸ್ತಿ ಬೇಕು. ಗೆದ್ದವರು ಮಲಗುತ್ತಾರೆ, ಸೋತವರಿಗೆ ಮಾತು ಬೇಕು. ಈ ಸಲದ ಮಾತೆಲ್ಲ ಒಬ್ಬನ ಸುತ್ತಲೇ ತಿರುಗುತ್ತಿತ್ತು. ಮೂರು ವರ್ಷ ಸಂಘದ ಮುಂಚೂಣಿ ಆಟಗಾರನಾಗಿ ಆಡಿ, ದೀಪಾವಳಿ ಮುಗಿದ ಮೂರನೆಯ ದಿನ ಕೊಲ್ಲಾಪುರದ ಕ್ಲಬ್ಬಿಗೆ ಹೊರಟುಹೋದ ಹತ್ತರಗಿಯ ಸ್ವಪ್ನಿಲ್. ಅವನಿದ್ದಾಗ ಸಂಘ ಎಷ್ಟು ದೊಡ್ಡದಿತ್ತು, ಅವನು ಹೋದ ಮೇಲೆ ಎಷ್ಟು ಸಣ್ಣದಾಯಿತು, ಅಥವಾ ಏನೂ ಆಗಲೇ ಇಲ್ಲವೋ, ಇದು ಎರಡು ತಿಂಗಳಿಂದ ಬಗೆಹರಿಯದ ವ್ಯಾಜ್ಯ.

“ಒಬ್ಬಂವ ಹೋದ್ರ ಹೋದ. ಹಂದರದ ಒಂದ ಗೂಟ ಕಿತ್ರ ಹಂದರ ಬೀಳೂದಿಲ್ಲ,” ಎಂದ ಅಪ್ಪಣ್ಣ. ಅವನು ಗೊಬ್ಬರದ ಅಂಗಡಿಯ ಮಾಲೀಕ, ಸಂಘದ ಅಧ್ಯಕ್ಷ. ಅವನ ಮಾತಿಗೆ ಊರಲ್ಲಿ ತೂಕವಿತ್ತು.

“ನಿನ್ನಿ ಬಿತ್ತಲ್ರಿ. ಒಂದಲ್ಲ, ಎರಡ ಸಲ ಬಿತ್ತು,” ಎಂದ ಟೆಂಪೋ ಹೊಡೆಯುವ ಮಾಳಪ್ಪ. “ನೀವು ಏನರೆ ಅನ್ರಿ. ಆ ಹುಡಗ ಎಡಗಾಲಿಗೆ ಚೆಂಡ ತಗೊಂಡ ತಿರಗಿದ ಅಂದ್ರ ನಾ ಟೆಂಪೋ ಚಾಲೂ ಮಾಡ್ತಿದ್ನಿ. ಗೋಲ ಆಗೂದ ಖಾತ್ರಿ, ಇನ್ನ ಊರಿಗಿ ಹೋಗೂದ ಅಂತ.”

ಬೆಂಚಿನ ತುದಿಯಲ್ಲಿ ಕೂತಿದ್ದ ಮಾಲಿಂಗಪ್ಪ ಯಾರ ಪರವಾಗಿಯೂ ಮಾತಾಡಲಿಲ್ಲ. ಅವನದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ. ಹೆಂಡತಿ ನಂದಾ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಿರಣಿ ಚಾಲೂ ಆದ ಮೇಲೆ ಅದರ ಸದ್ದಿನಲ್ಲಿ ಯಾರೊಂದಿಗೂ ಮಾತು ಸಾಧ್ಯವಿಲ್ಲ. ಬಂದವರು ಬೆರಳಲ್ಲಿ ಸಣ್ಣಗೋ ದಪ್ಪಗೋ ತೋರಿಸುತ್ತಾರೆ, ಇವನು ತಲೆಯಾಡಿಸುತ್ತಾನೆ. ಹೀಗಾಗಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗಿನ ಈ ಬೆಂಚೇ ಅವನ ಪಾಲಿಗೆ ಮನೆ ಮಂದಿ ಎಲ್ಲ. ರವಿವಾರ ಮ್ಯಾಚು, ಉಳಿದ ದಿನ ಮ್ಯಾಚಿನ ಮಾತು. ಇದನ್ನು ಬಿಟ್ಟರೆ ಅವನಿಗೆ ಗುರುವಾರವೊಂದಿತ್ತು. ಈಗ ಅದೂ ಇರಲಿಲ್ಲ.

ಗುರುವಾರದ ಸಂಗತಿ ಹೀಗೆ. ಹಿಂದಿನ ಕಾಲದಲ್ಲಿ ಕಲಿಯಲು ಪರ ಊರಿಗೆ ಹೋದ ಬಡ ಹುಡುಗರು ವಾರದ ಊಟ ಮಾಡುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಅಪ್ಪಣ್ಣನ ಅಜ್ಜ ಬೆಳಗಾವಿಯಲ್ಲಿ ಹಾಗೆಯೇ ಉಂಡು ಕಲಿತವನು. ಸ್ವಪ್ನಿಲ್ ಮೂಡಲಗಿಯ ಕಾಲೇಜಿಗೆ ಹೆಸರು ಹಚ್ಚಿ ಸಂಘದ ಖೋಲಿಯಲ್ಲಿ ಇರತೊಡಗಿದಾಗ ಅಪ್ಪಣ್ಣನೇ ಸಭೆಯಲ್ಲಿ ಎದ್ದು ನಿಂತು, “ಏಳ ಮಂದಿ ಏಳ ವಾರ ಹಂಚ್ಕೊಳ್ಳೂಣು. ನಮ್ಮ ಹುಡಗ ನಮ್ಮ ಮನೀದ ಉಣ್ಣಲಿ,” ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಸೋಮವಾರ ಅಪ್ಪಣ್ಣನೇ ಹಿಡಿದ. ಮಂಗಳವಾರ ಕಾಶಿನಾಥ ಮಾಸ್ತರರು, ಶುಕ್ರವಾರ ಸೋಮಪ್ಪ, ಶನಿವಾರ ಮಾಳಪ್ಪ, ಬುಧವಾರ ರವಿವಾರಕ್ಕೆ ಇನ್ನಿಬ್ಬರು. ಗುರುವಾರ ಯಾರೂ ಕೈ ಎತ್ತದೆ ಉಳಿದದ್ದು ಮಾಲಿಂಗಪ್ಪನ ಪಾಲಿಗೆ ಬಂತು.

ಆಮೇಲೆ ಹುಡುಗನ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಪಕ್ಕ ಬಾಬಾಸಾಹೇಬರ ಫೋಟೋ ಇರುವುದು ಊರಿಗೆ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಅನ್ನುವ ಕಾಲವೂ ಅಲ್ಲ. ಅಪ್ಪಣ್ಣನ ಪಡಸಾಲೆಯಲ್ಲಂತೂ ಆಳೆತ್ತರದ ಬಸವಣ್ಣನವರ ಫೋಟೋ. ಆದರೆ, “ಪಾಪ, ಆಡಿ ದಣದಿರತಾನ, ಅಂವಗ ಯಾಕ ತ್ರಾಸ, ನಾವ ಡಬ್ಬಿ ಕಳಸ್ತೇವಿ,” ಎಂಬ ಮಾತು ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಗೆ ತಾನಾಗಿಯೇ ಹಬ್ಬಿತು. ಸೋಮಪ್ಪ ಅಂಗಡಿಯ ಬೆಂಚಿಗೇ ತಾಟು ಕೊಟ್ಟ. ಉಳಿದವರು ಡಬ್ಬಿ.

ಮಾಲಿಂಗಪ್ಪನೇನು ಮಹಾ ಶರಣನಲ್ಲ. ಮೊದಲ ಮೂರು ಗುರುವಾರ ಅವನೂ ಡಬ್ಬಿಯನ್ನೇ ಒಯ್ದುಕೊಟ್ಟ. ನಾಲ್ಕನೆಯ ಗುರುವಾರ ಡಬ್ಬಿ ತರಲು ತಡವಾಯಿತೆಂದು ಹುಡುಗನೇ ಕೇಳಿಕೊಂಡು ಬಂದ. ಹೊರಗೆ ಅಡ್ಡ ಮಳೆ. ಹೊಸ್ತಿಲಾಚೆ ನೆನೆಯುತ್ತ ನಿಂತವನಿಗೆ “ಒಳಗ ಬಾ” ಎನ್ನದೆ ಗತಿ ಇರಲಿಲ್ಲ. ಬಂದವನು ಒಲೆಯ ಮುಂದೆ ನಿಂತು, ಇವನು ಬಡಿದ ರೊಟ್ಟಿ ನೋಡಿ, “ಕಾಕಾ, ಇದು ರೊಟ್ಟಿನೋ ಬೆಳಗಾವಿ ಜಿಲ್ಲಾ ನಕಾಶೆನೋ?” ಎಂದು ಕೇಳಿ, ತಾನೇ ಕೈ ತೊಳೆದು ಹಿಟ್ಟು ಹಿಡಿದು ಕೂತ. ಅವ್ವನಿಂದ ಕಲಿತದ್ದಂತೆ. ತಟ್ಟಿದ್ದು ತಿರುಗಣಿಯಂತೆ ಗುಂಡಗೆ ಬಂತು. ಅಂದಿನಿಂದ ಮೂರು ವರ್ಷ ಗುರುವಾರ ರೊಟ್ಟಿ ಅವನದು, ಪಲ್ಯ ಇವನದು. ನಂದಾ ಹೋದ ಮೇಲೆ ಆ ಅಡಿಗೆಮನೆಯಲ್ಲಿ ಎರಡು ತಾಟು ತೆಗೆಯುತ್ತಿದ್ದದ್ದು ಅದೊಂದೇ ದಿನ. ಬುಧವಾರ ಸಂಜೆಗೇ ಮಾಲಿಂಗಪ್ಪ ಎಳೆ ಬದನೆಕಾಯಿ ಆರಿಸಲು ಪೇಟೆಗೆ ಹೋಗುತ್ತಿದ್ದ.

ಕೊಲ್ಲಾಪುರದವರು ಗಡಹಿಂಗ್ಲಜದ ಟೂರ್ನಮೆಂಟಿನಲ್ಲಿ ಹುಡುಗನ ಆಟ ನೋಡಿ ಕರೆ ಕಳಿಸಿದ್ದು ಮೊದಲು ತಿಳಿದದ್ದೂ ಅವನಿಗೇ. “ಕಾಕಾ, ಹೋಗ್ಲೋ ಬ್ಯಾಡೋ?” ಎಂದು ಕೇಳಿದಾಗ ಮಾಲಿಂಗಪ್ಪನಿಗೆ ಬಾಯಿತನಕ ಬಂದದ್ದು ‘ಬ್ಯಾಡ’ ಎಂಬ ಮಾತೇ. ತಾಟಿನ ಕಡೆ ನೋಡುತ್ತ, “ಹೋಗು. ಇಲ್ಲೇನೈತಿ ಮಗನ. ಹತ್ತ ಸಾವಿರ ಮಂದಿ ನೋಡೋ ಆಟ ಅದು, ಹೋಗು,” ಎಂದಿದ್ದ. ಆ ರಾತ್ರಿ ತಾನು ಹೇಳಿದ್ದು ಸರಿಯೆಂದು ಹೆಮ್ಮೆಪಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಹುಡುಗ ಹೋದ ಮೇಲಿನ ಗುರುವಾರ ಕೈ ಚಟಕ್ಕೆ ಎಂಟು ರೊಟ್ಟಿಯ ಹಿಟ್ಟು ನಾದಿದ. ತಿಂದದ್ದು ಎರಡು. ಉಳಿದದ್ದನ್ನು ಓಣಿಯ ಎಮ್ಮೆಗೆ ಹಾಕಿದ. ಹುಡುಗ ಮೊದಮೊದಲು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಅದು ವಾರಕ್ಕೊಮ್ಮೆಯಾಗಿ, ಈಗ ಇಪ್ಪತ್ತು ದಿನದಿಂದ ಅದೂ ಇಲ್ಲ. ಪ್ರಾಯದ ಹುಡುಗ, ಆಟ, ಗೆಳೆಯರು. ತಪ್ಪು ಹುಡುಕಲು ಏನಿದೆ.

“ನಾ ಹೇಳೂದು ಗೋಲಿನ ಮಾತಲ್ಲ,” ಅಪ್ಪಣ್ಣ ಈಗ ದನಿ ಏರಿಸಿದ್ದ. “ಏಳ ಮನಿಯವ್ರು ಮೂರ ವರ್ಷ ಅನ್ನಾ ಹಾಕಿದ್ವಿ. ಒಂದ ಮಾತ ಕೇಳಲಿಲ್ಲ ಅಂವ. ಅವನ ತಲಿಯಾಗಿಂದ ಬಂದ ವಿಚಾರನೂ ಅಲ್ಲ ಅದು. ಯಾರೋ ಹೋಗಂತ ಕಿವಿ ಊದ್ಯಾರ. ಉಂಡ ಮನಿ ಜಂತಿ ಎಣಿಸೋ ಜಾತಿ ಅದು.”

‘ಜಾತಿ’ ಎಂಬ ಮಾತು ಅಪ್ಪಣ್ಣನ ಬಾಯಿಂದ ಬೇಕೆಂದು ಬಂದದ್ದಿರಲಿಕ್ಕಿಲ್ಲ. ಮಾತಿನ ಓಟದಲ್ಲಿ ಜಾರಿತು. ಒಂದಿಬ್ಬರು ಬಸಿಯೊಳಗೆ ನೋಡಿದರು. ಮಾಲಿಂಗಪ್ಪನಿಗೆ ಕಿವಿ ಬಿಸಿಯಾಯಿತು. ಹದಿನೈದು ವರ್ಷ ಆ ಬೆಂಚಿನ ಮೇಲೆ ಅವನು ಯಾರಿಗೂ ಎದುರು ಆಡಿದವನಲ್ಲ.

“ಅಪ್ಪಣ್ಣಾ, ಜಂತಿ ಎಣಸಬೇಕಂದ್ರ ಮನಿ ಒಳಗ ಬರಬೇಕಾಕ್ಕೈತಿ,” ಎಂದ. “ನಿಮ್ಮ ಮನೀ ಜಂತಿ ಅಂವ ಯಾವಾಗ ನೋಡಿದ? ಡಬ್ಬಿ ಮುಚ್ಚಳಾ ನೋಡ್ಯಾನ, ಅಷ್ಟ.”

ಒಲೆಯ ಮೇಲಿನ ಹಾಲು ಉಕ್ಕಿ ಸುರಿಯಿತು. ಸೋಮಪ್ಪ ಅದನ್ನು ನೋಡಲಿಲ್ಲ.

“ಇನ್ನ, ಹೋಗಂತ ಹೇಳಿದಾಂವ ನಾನ,” ಎಂದು ಮಾಲಿಂಗಪ್ಪ ಎದ್ದ. ಮಾತು ಶುರುವಾದ ಮೇಲೆ ಅರ್ಧಕ್ಕೆ ಬಿಡುವುದು ಅವನಿಗೆ ಬರಲಿಲ್ಲ. “ಬ್ಯಾರೇ ಯಾರನ್ನೂ ಹುಡಕಬ್ಯಾಡ್ರಿ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಇವನೂ ನಾಲ್ಕು ಮಾತು ಅಂದು, ಜಗಳವಾಗಿ, ನಾಲ್ಕು ದಿನಕ್ಕೆ ಯಾರೋ ನಡುವೆ ಬಂದು ಚಹಾ ಕುಡಿಸಿ ಕೂಡಿಸುತ್ತಿದ್ದರು. ಹಾಗಾಗಲಿಲ್ಲ. ಮರುದಿನ ಅವನು ಬಂದಾಗ ಬೆಂಚು ತುಂಬಿತ್ತು. ಅದರ ಮರುದಿನವೂ ತುಂಬಿತ್ತು. “ಬರ್ರಿ, ಕುಂದರ್ರಿ” ಎಂದರೇ ಹೊರತು ಯಾರೂ ಸರಿಯಲಿಲ್ಲ. ಅವನು ಬಂದೊಡನೆ ಮಾತು ಕಬ್ಬಿನ ಟ್ರ್ಯಾಕ್ಟರಿನ ಕಡೆಗೋ ಹವಾಮಾನದ ಕಡೆಗೋ ಹೊರಳುತ್ತಿತ್ತು. ನಿಂತು ಚಹಾ ಕುಡಿದು ಬರುವುದು ಎಷ್ಟು ದಿನ ಸಾಧ್ಯ? ಶುಕ್ರವಾರದಿಂದ ಅವನು ಮನೆಯಲ್ಲೇ ಚಹಾ ಕಾಸಿಕೊಂಡ. ಒಬ್ಬನಿಗೆ ಎಷ್ಟು ಹಾಲು ಹಾಕಬೇಕೆಂಬುದೇ ಅವನಿಗೆ ಮರೆತುಹೋಗಿತ್ತು.

ಆ ರವಿವಾರ ಗೋಕಾಕದಲ್ಲಿ ಹುಕ್ಕೇರಿಯ ಮೇಲೆ ಮ್ಯಾಚು. ಮಾಳಪ್ಪನ ಟೆಂಪೋ ಯಾವಾಗಲೂ ಹನ್ನೆರಡಕ್ಕೆ ಗಿರಣಿಯ ಮುಂದೆ ನಿಂತು ಎರಡು ಸಲ ಹಾರ್ನು ಹೊಡೆದು ಇವನನ್ನು ಹತ್ತಿಸಿಕೊಳ್ಳುತ್ತಿತ್ತು. ಮಾಲಿಂಗಪ್ಪ ಇಸ್ತ್ರಿ ಅಂಗಿ ತೊಟ್ಟು ಗಿರಣಿಯ ಬಾಗಿಲಲ್ಲಿ ಹನ್ನೆರಡೂವರೆಯವರೆಗೆ ನಿಂತ. ಹಾರ್ನಿನ ಸದ್ದು ಕೇಳಿತು, ಆದರೆ ಅದು ದನದ ಪೇಟೆಯ ಕಡೆಯ ರಸ್ತೆಯಿಂದ. ಸುತ್ತು ಹಾಕಿಕೊಂಡು ಹೋಗಿದ್ದರು. ಅವನಿಗೆ ಅಳು ಬಂದಂತಾಯಿತು. ಐವತ್ತಾರು ವರ್ಷದ ಗಂಡಸು ಟೆಂಪೋ ನಿಲ್ಲಲಿಲ್ಲವೆಂದು ಅಳುವುದೇ ಎಂದು ತನ್ನನ್ನು ತಾನೇ ಗದರಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ.

ಗೋಕಾಕದ ಮೈದಾನ ಮುಟ್ಟುವಷ್ಟರಲ್ಲಿ ಆಟ ಶುರುವಾಗಿತ್ತು. ನೆರಳಿರುವ ಬದಿಯಲ್ಲಿ ಮೂಡಲಗಿಯ ಮಂದಿ. ಅಪ್ಪಣ್ಣನ ಬಿಳಿ ಟೊಪ್ಪಿಗೆ ದೂರದಿಂದಲೇ ಕಂಡಿತು. ಮಾಲಿಂಗಪ್ಪ ಆ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ, ಗೋಲಿನ ಹಿಂದಿನಿಂದ ಸುತ್ತಿ ಬಿಸಿಲಿನ ಬದಿಗೆ ಹೋದ. ಅಲ್ಲಿ ಹುಕ್ಕೇರಿಯವರು ಕೂತಿದ್ದರು. ಅವರಿಗಿಂತ ಹತ್ತು ಮಾರು ಆಚೆ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬನೇ ಕೂತ. ಮೂಡಲಗಿಯ ಹುಡುಗರು ಚೆಂಡನ್ನು ಮುಂದಕ್ಕೆ ಒದೆಯುತ್ತಿದ್ದರು, ಅಲ್ಲಿ ಅದನ್ನು ಹಿಡಿಯುವವರು ಯಾರೂ ಇರಲಿಲ್ಲ. ಜಾಗ ಖಾಲಿ ಇರುವುದು ಇಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

“ಹುಕ್ಕೇರ್ಯಾವ್ರೇನ್ರಿ?”

ಮಗ್ಗುಲಲ್ಲಿ ತೆಳ್ಳಗಿನ ಮನುಷ್ಯನೊಬ್ಬ ನಿಂತಿದ್ದ. ಕುತ್ತಿಗೆಯತನಕ ಗುಂಡಿ ಹಾಕಿದ ಅಂಗಿ, ಎದೆಗೆ ಅವಚಿಕೊಂಡ ಬಟ್ಟೆಯ ಕೈಚೀಲ.

“ಅಲ್ರಿ. ಮೂಡಲಗಿ.”

ಅವನ ಮುಖ ಅರಳಿತು. “ಛಲೋ ಆತ್ರಿ. ನಾ ಹತ್ತರಗಿಯಾಂವ, ಕರೆಪ್ಪ. ನಿಮ್ಮ ಟೀಮಿನಾಗ ಆಡತಿದ್ನಲ್ರಿ ಸ್ವಪ್ನಿಲ್, ಅವರಪ್ಪ.” ಕೂರಲೋ ಬೇಡವೋ ಎಂದು ಅನುಮಾನಿಸುತ್ತಿದ್ದವನಿಗೆ ಮಾಲಿಂಗಪ್ಪ ಸರಿದು ಜಾಗ ಮಾಡಿದ. ಯಾರೆಂದು ಹೇಳಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಕರೆಪ್ಪನೇ ಮುಂದುವರಿಸಿದ. “ಮೂಡಲಗಿ ಭಾಳ ದೂರ್ರಿ, ಕೂಲಿ ಬಿಟ್ಟ ಬರಾಕ ಆಗಿರಲಿಲ್ಲ. ಇವತ್ತ ನೀವು ಗೋಕಾಕಕ್ಕ ಬರ್ತೀರಿ ಅಂತ ಮಗಾ ಫೋನಿನಾಗ ಹೇಳಿದ. ಅವರವ್ವ ಸತ್ತೆವ್ವ ಮೂರ ವರ್ಷದಿಂದ ಗಂಟಬಿದ್ದಾಳ್ರಿ, ಆ ಏಳ ಮನಿಯವ್ರಿಗಿ ಒಮ್ಮಿ ಕೈ ಮುಗದ ಬಾ ಅಂತ. ನಸಕಿನ್ಯಾಗ ಎದ್ದ ಶೇಂಗಾ ಹೋಳಿಗಿ ಮಾಡ್ಯಾಳ. ಏಳ ಪೊಟ್ಟಣ.” ಚೀಲದ ಬಾಯಿ ತೆರೆದು ತೋರಿಸಿದ. “ನಿಮಗ ಅವ್ರೆಲ್ಲ ಗೊತ್ತಿರಬೇಕಲ್ರಿ?”

“ಗೊತ್ತದಾರ್ರಿ.”

“ದೊಡ್ಡ ಮಂದಿ ಬಿಡ್ರಿ. ನಾ ಸಣ್ಣಾಂವಿದ್ದಾಗ ನಮ್ಮಪ್ಪನ ಕೂಡ ದುಡ್ಯಾಕ ಹೋದ್ರ ಕಟ್ಟಿ ಕೆಳಗ ಕುಂತ ಉಣ್ತಿದ್ವಿ. ಇಂವ ಅಂತಾನ, ‘ಅಪ್ಪಾ, ಏಳೂ ಮನ್ಯಾಗ ಅಡಗಿಮನಿಯಾಗ ಕುಂದ್ರಿಸಿ ನೀಡ್ತಾರ. ಒಂದ ಮನಿ ಹೆಚ್ಚಲ್ಲ, ಒಂದ ಮನಿ ಕಡಿಮಿ ಅಲ್ಲ. ಎಲ್ಲಾರೂ ಒಂದ ನಮೂನಿ.’ ಅವರವ್ವ ಅದನ್ನ ಕೇಳಿ ಅತ್ತಬಿಟ್ಲರಿ. ಈಗೂ ಮಂದಿ ಮುಂದ ಹೇಳ್ಕೋತ ತಿರಗತಾಳ.” ಕರೆಪ್ಪ ಇವನ ಮುಖ ನೋಡಿದ. “ಹೌದಲ್ರಿ?”

ಮೈದಾನದಲ್ಲಿ ಯಾರೋ ಬಿದ್ದರು, ಸೀಟಿ ಕೇಳಿತು. ಮೂರು ವರ್ಷದ ಗುರುವಾರಗಳನ್ನು ಮಾಲಿಂಗಪ್ಪ ತನ್ನದೆಂದು ಕಾದಿಟ್ಟುಕೊಂಡಿದ್ದ. ಏಳರಲ್ಲಿ ಒಂದೇ ಮನೆ ಬೇರೆಯದಾಗಿತ್ತು, ಅದು ತನ್ನದು, ಅದು ಹುಡುಗನಿಗೆ ಗೊತ್ತು. ಬೆಂಚು ತಪ್ಪಿದ ಮೇಲೆ ಅವನ ಬಳಿ ಉಳಿದದ್ದು ಅದೊಂದೇ. ಹುಡುಗ ಅವ್ವ ಅಪ್ಪನ ಸಮಾಧಾನಕ್ಕೆ ಆರು ಮನೆಗಳನ್ನು ಎತ್ತಿ ಇವನ ಮನೆಯ ಸಾಲಿಗೆ ಕೂರಿಸಿಬಿಟ್ಟಿದ್ದ. ‘ಸುಳ್ಳರಿ, ಒಂದ ಮನಿ, ನಂದು’ ಎಂದು ಹೇಳಬೇಕೆಂದು ಮಾಲಿಂಗಪ್ಪನ ನಾಲಿಗೆ ತುಡಿಯಿತು. ಹೇಳಿದರೆ ಸಂಜೆ ಈ ಮನುಷ್ಯ ಹತ್ತರಗಿಗೆ ಹೋಗಿ ಸತ್ತೆವ್ವನಿಗೆ ಏನು ಹೇಳಬೇಕು?

“ಹೌದ್ರಿ,” ಎಂದ. “ಏಳೂ ಮನ್ಯಾಗ.”

ಮಧ್ಯಂತರದ ಸೀಟಿ ಬಿದ್ದಾಗ ಮಾಲಿಂಗಪ್ಪ ಎದ್ದು, “ಬರ್ರಿ, ಭೆಟ್ಟಿ ಮಾಡಸ್ತೇನಿ,” ಎಂದ. ಇಬ್ಬರೂ ಸುಣ್ಣದ ಗೆರೆಯ ಪಕ್ಕದಲ್ಲಿ ನಡೆದು ನೆರಳಿನ ಬದಿಗೆ ಬಂದರು. ಇವನು ಬರುವುದು ಕಂಡು ಮಾಳಪ್ಪ ಬೇರೆ ಕಡೆ ನೋಡಿದ. ಮಾಸ್ತರರು ಫೋನು ತೆಗೆದರು. ಅಪ್ಪಣ್ಣ ಮಾತ್ರ ನೆಟ್ಟಗೆ ನೋಡುತ್ತ ಕೂತ. ರಾಜಿಗೆ ಬರುತ್ತಿದ್ದಾನೆಂದುಕೊಂಡನೋ ಏನೋ.

“ಇವ್ರು ಸ್ವಪ್ನಿಲ್‌ನ ಅಪ್ಪ, ಹತ್ತರಗಿಯಿಂದ ಬಂದಾರ,” ಎಂದ ಮಾಲಿಂಗಪ್ಪ. “ಏಳೂ ಮನಿಯವ್ರು ಅಡಗಿಮನಿಯಾಗ ಕುಂದ್ರಿಸಿ ಉಣಿಸಿದ್ರಿ ಅಂತ ಮಗಾ ಹೇಳ್ಯಾನಂತ. ನಿಮಗ ಭೆಟ್ಟಿ ಆಗಾಕ ಬಂದಾರ.”

ಮಾಸ್ತರರ ಕೈಯಲ್ಲಿದ್ದ ಫೋನಿನಲ್ಲಿ ಯಾರದೋ ಹಾಡು ಬರುತ್ತಿತ್ತು. ಅವರು ಅದನ್ನು ಆರಿಸಲು ತಡವರಿಸಿದರು.

ಕರೆಪ್ಪ ಎಲ್ಲರಿಗೂ ಒಮ್ಮೆ ಕೈ ಮುಗಿದು, ಚೀಲವನ್ನು ಮೊಣಕೈಗೆ ಏರಿಸಿಕೊಂಡ. “ಸೋಮವಾರದ ಮನಿಯವ್ರು ಯಾರ್ರಿ?”

ಕರೆಪ್ಪ ನಗುಮುಖದಿಂದಲೇ ಒಬ್ಬೊಬ್ಬರ ಮುಖ ನೋಡುತ್ತ ಕಾದ. ಕಡೆಗೆ ಅಪ್ಪಣ್ಣ ಮೊಣಕಾಲಿಗೆ ಕೈ ಊರಿ ಎದ್ದು ನಿಂತ. ಕರೆಪ್ಪ ಕಾಲು ಮುಟ್ಟಲು ಬಾಗಿದ. ಅಪ್ಪಣ್ಣ ಹಿಂದೆ ಸರಿದು, “ಬ್ಯಾಡ್ರಿ, ಬ್ಯಾಡ್ರಿ,” ಎಂದ. ಹಿರಿಯರಿಗೂ ಏಕವಚನ ಬಳಸುವ ಅವನ ಬಾಯಲ್ಲಿ ಆ ‘ರಿ’ ಕೇಳಿ ಮಾಳಪ್ಪ ತಲೆಯೆತ್ತಿದ.

“ಅವನ ಅವ್ವ ಮಾಡ್ಯಾಳ್ರಿ. ಒಂದ ಚೂರ ಮುರಕೊಂಡ ನೋಡ್ರಿ. ಸಂಜೀಕ ಹೆಂಗ ಅಂದ್ರು ಅಂತ ಕೇಳ್ತಾಳ, ನಾ ಏನರೆ ಹೇಳಬೇಕಲ್ರಿ.”

ಅಪ್ಪಣ್ಣನ ಕೈಯಲ್ಲಿ ಪೊಟ್ಟಣವಿತ್ತು. ಅವನು ಮಾಲಿಂಗಪ್ಪನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೋ, ಬೇಡಿಕೆ ಇತ್ತೋ. ಮಾಲಿಂಗಪ್ಪ ಖಾಲಿ ಮೈದಾನದ ಕಡೆ ಮುಖ ತಿರುಗಿಸಿದ. ದಾರ ಹರಿದ ಸದ್ದು, ಕಾಗದದ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಅಪ್ಪಣ್ಣ ಬಾಯಿ ತುಂಬಿದ ದನಿಯಲ್ಲಿ, “ಛಲೋ ಆಗ್ಯಾವ ಅಂತ ಹೇಳ್ರಿ ಅವರಿಗೆ,” ಎಂದ. ನುಂಗಲು ಅವನಿಗೆ ಬಹಳ ಹೊತ್ತು ಹಿಡಿಯಿತು.

“ಮಂಗಳವಾರದವ್ರು?” ಮಾಸ್ತರರು ಎದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. ಬುಧವಾರದವನೂ ಎದ್ದ. ಕರೆಪ್ಪ ಒಬ್ಬೊಬ್ಬರಿಗೂ ಎರಡೂ ಕೈಯಿಂದ ಕೊಟ್ಟು, ಅವರು ಒಂದು ಚೂರು ಬಾಯಿಗೆ ಹಾಕಿಕೊಳ್ಳುವತನಕ ನಿಂತು ಮುಂದೆ ಹೋಗುತ್ತಿದ್ದ.

“ಗುರುವಾರದವ್ರು?”

“ನಾನರಿ.”

“ಅಯ್ಯ, ನೀವೂ ಅದ್ರಾಗಿನವ್ರ? ಆಗಳೇ ಹೇಳಬಾರದೇನ್ರಿ,” ಎಂದು ಕರೆಪ್ಪ ನಕ್ಕ. ಪೊಟ್ಟಣ ಇವನ ಕೈಗಿತ್ತು, ಇವನೂ ತುಂಡು ಮುರಿದು ತಿನ್ನುವುದನ್ನು ನೋಡಿ ತಲೆಯಾಡಿಸಿ, ಚೀಲದೊಳಗೆ ಕೈ ಹಾಕಿ ಮುಂದಿನದನ್ನು ಹುಡುಕತೊಡಗಿದ. “ಶುಕ್ರವಾರದವ್ರು ಯಾರ್ರಿ?”

ಸೋಮಪ್ಪ ಮುಂದೆ ಬರಲು ಮಾಲಿಂಗಪ್ಪ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತ. ಅವನ ಪೊಟ್ಟಣದಲ್ಲಿಯೂ ಎಲ್ಲರದರಂತೆ ಎರಡು ಹೋಳಿಗೆ ಇದ್ದವು, ಚಂದ್ರನ ಹಾಗೆ ಗುಂಡಗೆ.